ಶೇಕಡಾವಾರು ಫಲಿತಾಂಶವೂ ಶಾಲೆಯ ಯೋಗ್ಯತೆಯೂ

ಅಳತೆಯಿಲ್ಲದೆ ಲೋಕವ್ಯವಹಾರ ನಡೆಯದು. ಜೋಳವನ್ನು ತೂಗಿ ಕೊಳ್ಳುತ್ತೇವೆ. ಇಳಕಲ್ಲ ಸೀರೆಯನ್ನು ಮೊಳ ಹಾಕಿ ನೋಡುತ್ತೇವೆ. ಹೊಲವನ್ನು ಎಕರೆ ಗುಂಟೆಗಳಲ್ಲಿ ಎಣಿಸುತ್ತೇವೆ. ಆದರೆ ಸೀರೆಯ ಉದ್ದ ತಿಳಿದ ಮಾತ್ರಕ್ಕೆ ಅದರ ನೇಯ್ಗೆಯ ಹದ ತಿಳಿದಂತಾಗುವುದಿಲ್ಲ. ಹೊಲದ ವಿಸ್ತಾರ ತಿಳಿದ ಮಾತ್ರಕ್ಕೆ ಅದು ಎರೆಯೋ ಮಸಾರಿಯೋ ಎಂಬುದು ಗೊತ್ತಾಗುವುದಿಲ್ಲ. ಯಾವ ಅಳತೆ ಏನನ್ನು ಹೇಳುತ್ತದೆ, ಏನನ್ನು ಹೇಳದೆ ಬಿಡುತ್ತದೆ ಎಂಬುದನ್ನು ಅರಿಯುವುದು ಅಳೆಯುವವನು ಕಲಿಯಬೇಕಾದ ಮೊದಲನೆಯ ಪಾಠ.

ಶಾಲೆಗಳ ವಿಷಯದಲ್ಲಿ ನಾವು ಈ ಪಾಠವನ್ನು ಮರೆತಿದ್ದೇವೆಂದು ನನ್ನ ಎಣಿಕೆ. ನಮ್ಮ ಶಿರೂರಿನಂಥ ಊರಿನಲ್ಲಿ ಮೇ ತಿಂಗಳು ಬಂತೆಂದರೆ ತಂದೆತಾಯಿಗಳ ಬಾಯಲ್ಲಿ ಒಂದೇ ಪ್ರಶ್ನೆ: “ಯಾವ ಸಾಲಿದು ರಿಸಲ್ಟ್ ಎಷ್ಟು ಬಂತು?” ಉತ್ತರ ಒಂದು ಸಂಖ್ಯೆ. ಆ ಸಂಖ್ಯೆಯನ್ನು ನಂಬಿ ಒಬ್ಬರು ಮಗನನ್ನು ದಿನವೂ ಬಾಗಲಕೋಟೆಗೆ ಬಸ್ಸಿನಲ್ಲಿ ಕಳಿಸುತ್ತಾರೆ. ಇನ್ನೊಬ್ಬರು ಸಾಲ ಮಾಡಿ ದೂರದ ವಸತಿ ಶಾಲೆಗೆ ಸೇರಿಸುತ್ತಾರೆ. ಮಗಳನ್ನು ಮಾತ್ರ ಊರ ಶಾಲೆಯಲ್ಲಿಯೇ ಬಿಡುತ್ತಾರೆ. ಹೀಗೆ ಒಂದು ಸಂಖ್ಯೆ ಮನೆಯ ಹಣವನ್ನೂ ಮಕ್ಕಳ ಭವಿಷ್ಯವನ್ನೂ ಶಾಲೆಯ ಮಾನವನ್ನೂ ತೀರ್ಮಾನಿಸುತ್ತಿರುವಾಗ, ಆ ಸಂಖ್ಯೆ ಹುಟ್ಟುವುದು ಹೇಗೆ, ಅದರ ಬಲವೆಷ್ಟು, ದೌರ್ಬಲ್ಯವೆಷ್ಟು ಎಂಬುದನ್ನು ವಿವೇಚಿಸುವುದು ವ್ಯರ್ಥವಾಗಲಾರದು. ನಮ್ಮ ಕಾಲೇಜಿನಿಂದ ಪದವಿ ಪಡೆದವರಲ್ಲಿ ಅನೇಕರು ಮುಂದೆ ಬಿ.ಎಡ್. ಮುಗಿಸಿ ಉಪಾಧ್ಯಾಯರಾಗತಕ್ಕವರು. ಇದೇ ಸಂಖ್ಯೆಯಿಂದ ನಾಳೆ ನಮ್ಮನ್ನೂ ಅಳೆಯುತ್ತಾರೆ.

ಹಳೆಯ ಕಥೆ

ಪರೀಕ್ಷೆಯ ಫಲಿತಾಂಶದಿಂದ ಶಾಲೆಯನ್ನು ಅಳೆಯುವ ಪದ್ಧತಿ ಇಂದು ನಿನ್ನೆಯದಲ್ಲ. ಇಂಗ್ಲೆಂಡಿನಲ್ಲಿ 1862ರಲ್ಲಿ ರಾಬರ್ಟ್ ಲೋ ಎಂಬ ರಾಜಕಾರಣಿಯ ಮುಂದಾಳತ್ವದಲ್ಲಿ ಒಂದು ಪರಿಷ್ಕೃತ ನಿಯಮಾವಳಿ ಜಾರಿಗೆ ಬಂತು. ಸರ್ಕಾರಿ ಇನ್ಸ್‌ಪೆಕ್ಟರರು ವರ್ಷಕ್ಕೊಮ್ಮೆ ಶಾಲೆಗೆ ಬಂದು ಓದು, ಬರಹ, ಲೆಕ್ಕ ಈ ಮೂರರಲ್ಲಿ ಮಕ್ಕಳನ್ನು ಪರೀಕ್ಷಿಸುವರು. ಎಷ್ಟು ಮಕ್ಕಳು ತೇರ್ಗಡೆಯಾದರೋ ಅದಕ್ಕೆ ತಕ್ಕಂತೆ ಶಾಲೆಗೆ ಹಣ. ಇದಕ್ಕೆ ‘ಫಲಿತಾಂಶಕ್ಕೆ ತಕ್ಕ ಪಾವತಿ’ ಎಂದು ಹೆಸರಾಯಿತು. ಸ್ವತಃ ಶಾಲಾ ಇನ್ಸ್‌ಪೆಕ್ಟರನಾಗಿದ್ದ ಕವಿ ಮ್ಯಾಥ್ಯೂ ಆರ್ನಾಲ್ಡ್ ಈ ಪದ್ಧತಿಯನ್ನು ತನ್ನ ವರದಿಗಳಲ್ಲಿ ಖಂಡಿಸಿದನು. ಪಾಠವು ಯಾಂತ್ರಿಕವಾಗುತ್ತಿದೆ, ಮಕ್ಕಳು ಪರೀಕ್ಷೆಗೆ ಬೇಕಾದಷ್ಟನ್ನು ಕಂಠಪಾಠ ಮಾಡುತ್ತಿದ್ದಾರೆ ಎಂಬುದು ಅವನ ದೂರಿನ ಸಾರ. ಹತ್ತೊಂಬತ್ತನೆಯ ಶತಮಾನ ಮುಗಿಯುವುದರೊಳಗೆ ಇಂಗ್ಲೆಂಡು ಆ ಪದ್ಧತಿಯನ್ನು ಕೈಬಿಟ್ಟಿತು. ಅಷ್ಟರಲ್ಲಿ ಅದು ಹಡಗು ಹತ್ತಿ ನಮ್ಮ ದೇಶಕ್ಕೂ ಬಂದಿತ್ತು. ನಮ್ಮ ಈ ಪ್ರದೇಶವು ಕಲಾದಗಿ ಜಿಲ್ಲೆಯೆಂಬ ಹೆಸರಿನಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ, ಆ ಪ್ರಾಂತ್ಯದ ಖಾಸಗಿ ಶಾಲೆಗಳಿಗೆ ಸಹಾಯಧನವನ್ನು ಫಲಿತಾಂಶ ನೋಡಿ ಕೊಡುವ ರೂಢಿಯಿತ್ತು.

ಅಮೆರಿಕದಲ್ಲಿ ಇದೇ ವಿಚಾರ ಹೊಸ ವೇಷದಲ್ಲಿ ಬಂತು. ಫ್ಲಾರಿಡಾ ಸಂಸ್ಥಾನವು 1999ರಿಂದ ಪ್ರತಿಯೊಂದು ಸರ್ಕಾರಿ ಶಾಲೆಗೂ ‘ಎ’ಯಿಂದ ‘ಎಫ್’ವರೆಗೆ ಶ್ರೇಣಿಯ ಅಕ್ಷರ ಕೊಡತೊಡಗಿತು. 2002ರ ಜನವರಿಯಲ್ಲಿ ಅಧ್ಯಕ್ಷ ಬುಷ್ ಸಹಿ ಮಾಡಿದ ‘ಯಾವ ಮಗುವೂ ಹಿಂದುಳಿಯಬಾರದು’ ಎಂಬ ಕಾನೂನು, 2014ರ ಹೊತ್ತಿಗೆ ಎಲ್ಲ ಮಕ್ಕಳೂ ಓದಿನಲ್ಲಿ ಮತ್ತು ಗಣಿತದಲ್ಲಿ ನಿಗದಿಯಾದ ಮಟ್ಟ ಮುಟ್ಟಬೇಕೆಂದು ಗುರಿಯಿಟ್ಟಿತು. ವರ್ಷವರ್ಷವೂ ಸಾಕಷ್ಟು ಮುನ್ನಡೆ ತೋರಿಸದ ಶಾಲೆಗಳ ಮೇಲೆ ಹಂತ ಹಂತವಾಗಿ ಕ್ರಮ. ಗುರಿ ಉದಾತ್ತವಾದದ್ದೇ. ಆದರೆ 2014 ಬಂದು ಹೋಯಿತು, ಗುರಿ ಮುಟ್ಟಲಿಲ್ಲ. 2015ರ ಡಿಸೆಂಬರಿನಲ್ಲಿ ಬೇರೊಂದು ಕಾನೂನು ಅದರ ಜಾಗಕ್ಕೆ ಬಂತು. ಆ ಕಾನೂನಿನಿಂದ ಉಳಿದ ಒಂದು ಒಳ್ಳೆಯ ಸಂಪ್ರದಾಯವನ್ನು ಮಾತ್ರ ಇಲ್ಲಿ ನೆನೆಯಬೇಕು. ಶಾಲೆಯ ಒಟ್ಟು ಸರಾಸರಿಯನ್ನು ಹೇಳಿದರೆ ಸಾಲದು. ಬಡ ಮಕ್ಕಳ, ಕರಿಯ ಜನಾಂಗದ ಮಕ್ಕಳ, ಅಂಗವಿಕಲ ಮಕ್ಕಳ ಫಲಿತಾಂಶಗಳನ್ನು ಬೇರೆಬೇರೆಯಾಗಿ ಪ್ರಕಟಿಸಬೇಕೆಂದು ಅದು ವಿಧಿಸಿತು. ಸರಾಸರಿಯ ಮರೆಯಲ್ಲಿ ಯಾರನ್ನೂ ಅಡಗಿಸಬಾರದೆಂಬುದು ಇದರ ತಾತ್ಪರ್ಯ.

ನಮ್ಮ ರಾಜ್ಯದಲ್ಲಿ

ನಮ್ಮಲ್ಲಿ ಶಾಲೆಗೆ ಅಕ್ಷರದ ಶ್ರೇಣಿ ಕೊಡುವ ಕಾನೂನಿಲ್ಲ. ಆದರೂ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶವು ವ್ಯವಹಾರದಲ್ಲಿ ಅದೇ ಕೆಲಸವನ್ನು ಮಾಡುತ್ತಿದೆ. ಈ ಪರೀಕ್ಷೆಯ ಒಟ್ಟು ಅಂಕಗಳು 625. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100. ಪ್ರತಿಯೊಂದು ವಿಷಯದಲ್ಲಿಯೂ ಐದರಲ್ಲೊಂದು ಪಾಲು ಶಾಲೆಯೇ ಕೊಡುವ ಆಂತರಿಕ ಅಂಕ. ಉಳಿದದ್ದು ಲಿಖಿತ ಪರೀಕ್ಷೆ. 2022ರಲ್ಲಿ ಹಿಂದಿನ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಲಿ ಹಾಗೂ ಪದವಿಪೂರ್ವ ಪರೀಕ್ಷಾ ವಿಭಾಗಗಳು ಒಂದುಗೂಡಿ ‘ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿ’ ಆಯಿತು. ಫಲಿತಾಂಶದ ದಿನ ಈ ಮಂಡಲಿಯು ರಾಜ್ಯದ ಶೇಕಡಾವಾರು, ಶೈಕ್ಷಣಿಕ ಜಿಲ್ಲೆಗಳ ಸ್ಥಾನಗಳು, ನೂರಕ್ಕೆ ನೂರು ಬಂದ ಶಾಲೆಗಳೆಷ್ಟು, ಸೊನ್ನೆ ಬಂದ ಶಾಲೆಗಳೆಷ್ಟು ಎಂಬುದನ್ನೆಲ್ಲ ಪ್ರಕಟಿಸುತ್ತದೆ. ಕೆಳಗಿನ ಸ್ಥಾನದಲ್ಲಿರುವ ಜಿಲ್ಲೆಗಳ ಅಧಿಕಾರಿಗಳಿಗೆ ಪ್ರಶ್ನೆ, ಅವರಿಂದ ಮುಖ್ಯೋಪಾಧ್ಯಾಯರಿಗೆ ನೋಟೀಸು, ಅಲ್ಲಿಂದ ಉಪಾಧ್ಯಾಯರಿಗೆ ಎಚ್ಚರಿಕೆ, ಕೊನೆಗೆ ಮಕ್ಕಳಿಗೆ ವಿಶೇಷ ತರಗತಿ: ಹೀಗೆ ಈ ಸಂಖ್ಯೆ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿದು ಬರುತ್ತದೆ.

ಇದರ ಹೊರತು ಬೇರೆ ಪ್ರಯತ್ನಗಳೂ ನಡೆದಿವೆ. 2002ರಲ್ಲಿ ರಾಜ್ಯ ಸರ್ಕಾರ ಮತ್ತು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಸೇರಿ ಈಶಾನ್ಯ ಕರ್ನಾಟಕದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ‘ಕಲಿಕಾ ಖಾತರಿ’ ಎಂಬ ಕಾರ್ಯಕ್ರಮವನ್ನು ಆರಂಭಿಸಿದವು. ಇದರಲ್ಲಿ ಎರಡು ವಿಶೇಷಗಳಿದ್ದವು: ಶಾಲೆಗಳು ತಾವಾಗಿಯೇ ಮುಂದೆ ಬಂದು ಪರೀಕ್ಷೆಗೆ ಒಡ್ಡಿಕೊಳ್ಳಬೇಕು, ಮತ್ತು ಕಲಿಕೆಯೊಂದನ್ನೇ ಅಲ್ಲದೆ ದಾಖಲಾತಿ, ಹಾಜರಾತಿಗಳನ್ನೂ ಸೇರಿಸಿ ತೂಗಬೇಕು. ಗೆದ್ದ ಶಾಲೆಗೆ ನಗದು ಬಹುಮಾನ. ಮಕ್ಕಳನ್ನು ಹೊರಗಿಟ್ಟು ಕಲಿಕೆಯ ಅಂಕ ಹೆಚ್ಚಿಸಿಕೊಳ್ಳುವ ದಾರಿಯನ್ನು ದಾಖಲಾತಿಯ ನಿಯಮ ಮುಚ್ಚಿಬಿಟ್ಟಿತ್ತು. ಇದು ಮುಖ್ಯವಾದ ಸಂಗತಿ. ಮುಂದೆ ಇದರ ಪ್ರಯೋಜನ ಕಾಣುವುದು. ಕೆಲವು ವರ್ಷಗಳಲ್ಲಿಯೇ ‘ಕರ್ನಾಟಕ ಶಾಲಾ ಗುಣಮಟ್ಟ ಮೌಲ್ಯಮಾಪನ ಸಂಸ್ಥೆ’ ಸ್ಥಾಪಿತವಾಗಿ ರಾಜ್ಯದಾದ್ಯಂತ ಮಕ್ಕಳ ಕಲಿಕೆಯನ್ನು ಅಳೆಯತೊಡಗಿತು. ಕೇಂದ್ರ ಸರ್ಕಾರದ ವತಿಯಿಂದ 2017ರಲ್ಲಿ, 2021ರಲ್ಲಿ ರಾಷ್ಟ್ರೀಯ ಸಾಧನಾ ಸಮೀಕ್ಷೆಗಳೂ 2024ರ ಡಿಸೆಂಬರಿನಲ್ಲಿ ‘ಪರಖ್’ ಸಮೀಕ್ಷೆಯೂ ನಡೆದವು. ಈ ಸಮೀಕ್ಷೆಗಳು ಕೆಲವು ಶಾಲೆಗಳ ಕೆಲವು ಮಕ್ಕಳನ್ನು ಮಾದರಿಯಾಗಿ ಆರಿಸಿಕೊಳ್ಳುತ್ತವೆ. ಅನ್ನ ಬೆಂದಿದೆಯೆ ಎಂದು ನೋಡಲು ಒಂದೆರಡು ಅಗುಳು ಹಿಸುಕಿದಂತೆ. ಅವು ಹೇಳುವುದು ಜಿಲ್ಲೆಯ ಅಥವಾ ರಾಜ್ಯದ ಸ್ಥಿತಿಯನ್ನು. ನಮ್ಮೂರ ಶಾಲೆ ಹೇಗಿದೆಯೆಂಬುದನ್ನಲ್ಲ.

ಐದು, ಎಂಟು, ಒಂಬತ್ತನೆಯ ತರಗತಿಗಳಿಗೂ ಮಂಡಲಿಯ ಪರೀಕ್ಷೆ ನಡೆಸಲು ಸರ್ಕಾರ ಮಾಡಿದ ಯತ್ನ ನ್ಯಾಯಾಲಯದ ಮೆಟ್ಟಿಲೇರಿತು. 2024ರ ಮಾರ್ಚ್ 6ರಂದು ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನು ರದ್ದುಪಡಿಸಿತು. ಮಾರ್ಚ್ 22ರಂದು ವಿಭಾಗೀಯ ಪೀಠ ಒಪ್ಪಿಗೆಯಿತ್ತಿತು. ಏಪ್ರಿಲ್ 8ರಂದು ಸುಪ್ರೀಂ ಕೋರ್ಟು ಫಲಿತಾಂಶ ಪ್ರಕಟಣೆಗೆ ತಡೆಯೊಡ್ಡಿತು. ಹತ್ತು ವರ್ಷದ ಮಗುವಿನ ಉತ್ತರಪತ್ರಿಕೆ ದೆಹಲಿಯವರೆಗೆ ಪ್ರಯಾಣ ಮಾಡಿತೆಂದರೆ ಪರೀಕ್ಷೆಯ ಪ್ರಶ್ನೆ ಎಷ್ಟು ಸೂಕ್ಷ್ಮವೆಂಬುದನ್ನು ಊಹಿಸಬಹುದು.

ಶೇಕಡಾವಾರಿನ ಒಳಗೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಶೇಕಡಾವಾರು ಎಂಬುದು ಒಂದು ಭಾಗಾಕಾರ. ಮೇಲೊಂದು ಸಂಖ್ಯೆ, ಕೆಳಗೊಂದು ಸಂಖ್ಯೆ. ನಾವು ಮೇಲಿನದನ್ನು ಮಾತ್ರ ನೋಡುತ್ತೇವೆ. ಮೋಸ ಹೋಗುವುದು ಬಹುಮಟ್ಟಿಗೆ ಕೆಳಗಿನದರಿಂದ.

ಮೊದಲನೆಯ ಪಾಠ: ಯಾರನ್ನು ಎಣಿಸಿದರು ಎಂದು ಕೇಳಬೇಕು. 2025ರ ಎಸ್.ಎಸ್.ಎಲ್.ಸಿ. ಮೊದಲನೆಯ ಪರೀಕ್ಷೆಯನ್ನೇ ನೋಡೋಣ. ಒಟ್ಟು 8,42,173 ಮಂದಿ ಬರೆದರು, 5,24,984 ಮಂದಿ ತೇರ್ಗಡೆಯಾದರು. ಎಂದರೆ ಶೇಕಡಾ 62.34. ಆದರೆ ಅವರಲ್ಲಿ ಶಾಲೆಗಳಿಂದ ಮೊದಲ ಸಲ ಕುಳಿತವರನ್ನು ಮಾತ್ರ ಎಣಿಸಿದರೆ 7,90,890ರಲ್ಲಿ 5,23,075. ಎಂದರೆ ಶೇಕಡಾ 66.14. ಪರೀಕ್ಷೆ ಒಂದೇ, ದಿನ ಒಂದೇ, ಸಂಖ್ಯೆಗಳು ಎರಡು, ಎರಡೂ ಸತ್ಯ. ವ್ಯತ್ಯಾಸವಿರುವುದು ಕೆಳಗಿನ ಸಂಖ್ಯೆಯಲ್ಲಿ.

ಈ ಸೂತ್ರವನ್ನು ಒಂದು ಶಾಲೆಗೆ ಅನ್ವಯಿಸೋಣ. ಇದು ಕಲ್ಪನೆಯ ಶಾಲೆ. ಎಂಟನೆಯ ತರಗತಿಗೆ 60 ಮಕ್ಕಳು ಸೇರಿದರು. ಕೆಲವರು ತಂದೆತಾಯಿಗಳ ಜತೆ ದುಡಿಯಲು ಗೋವೆಗೋ ಮಂಗಳೂರಿಗೋ ಹೋದರು. ಒಬ್ಬಿಬ್ಬರು ಹೆಣ್ಣುಮಕ್ಕಳ ಮದುವೆಯಾಯಿತು. ಕೆಲವರಿಗೆ “ನೀನು ಈ ವರ್ಷ ಕೂಡಬೇಡ, ಮುಂದೆ ಹೊರಗಿನಿಂದ ಕಟ್ಟು” ಎಂಬ ಉಪದೇಶ ದೊರೆಯಿತು. ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತವರು 48, ತೇರ್ಗಡೆಯಾದವರು 45. ಫಲಕದ ಮೇಲೆ ಬರೆಯುವುದು ಶೇಕಡಾ 93.75. ಆದರೆ ಬಾಗಿಲೊಳಗೆ ಬಂದ 60 ಮಕ್ಕಳ ಲೆಕ್ಕದಲ್ಲಿ ಅದು ಶೇಕಡಾ 75. ಆ ಹದಿನೈದು ಮಕ್ಕಳಲ್ಲಿ ಹನ್ನೆರಡು ಮಂದಿ ಯಾವ ಲೆಕ್ಕದಲ್ಲಿಯೂ ಸೇರಲಿಲ್ಲ. ಅವರು ನಪಾಸಾಗಲೂ ಇಲ್ಲ. ಫಲಕದ ಮುಂದೆ ನಿಂತವರಿಗೆ ಅವರು ಹುಟ್ಟಿಯೇ ಇರಲಿಲ್ಲವೆಂಬಂತೆ ತೋರುತ್ತದೆ.

ಎರಡನೆಯ ಪಾಠ: ಸಣ್ಣ ಶಾಲೆಯ ಶೇಕಡಾವಾರು ಗಾಳಿಗೆ ತೂಗುವ ದೀಪ. ಒಂದು ಶಾಲೆಯಲ್ಲಿ 20 ಮಕ್ಕಳು. ಈ ವರ್ಷ 18 ಮಂದಿ ತೇರ್ಗಡೆ, ಶೇಕಡಾ 90. ಮರುವರ್ಷ 16 ಮಂದಿ, ಶೇಕಡಾ 80. ಪತ್ರಿಕೆಗಳು ‘ಹತ್ತು ಅಂಶ ಕುಸಿತ’ ಎಂದು ಬರೆಯುತ್ತವೆ. ನಿಜವಾಗಿ ಆದದ್ದೇನು? ಒಬ್ಬನಿಗೆ ಜ್ವರ ಬಂತು, ಇನ್ನೊಬ್ಬಳ ಮನೆಯಲ್ಲಿ ಸಾವಾಯಿತು. ಅದೇ ಇಬ್ಬರು 160 ಮಕ್ಕಳ ಶಾಲೆಯಲ್ಲಿದ್ದಿದ್ದರೆ ವ್ಯತ್ಯಾಸ 1.25 ಮಾತ್ರ. ಆದ್ದರಿಂದ ಪಟ್ಟಿಯ ತುತ್ತತುದಿಯಲ್ಲಿಯೂ ತೀರ ಕೆಳಗೂ ಸಣ್ಣ ಶಾಲೆಗಳೇ ಹೆಚ್ಚಾಗಿ ಕಾಣಿಸಿಕೊಂಡರೆ ಆಶ್ಚರ್ಯವಿಲ್ಲ. ಒಂದು ವರ್ಷದ ಸಂಖ್ಯೆಗಿಂತ ಮೂರು ನಾಲ್ಕು ವರ್ಷಗಳ ಸರಾಸರಿಯೇ ನಂಬಿಕೆಗೆ ಯೋಗ್ಯ.

ಮೂರನೆಯ ಪಾಠ: ತೇರ್ಗಡೆಯ ಗೆರೆ ಒಂದು ಗೋಡೆಯಿದ್ದಂತೆ, ಅದರ ಆಚೆ ಈಚೆ ಏನಿದೆಯೆಂಬುದನ್ನು ಅದು ಮುಚ್ಚುತ್ತದೆ. ಬಹುಕಾಲ ನೂರಕ್ಕೆ 35 ಇದ್ದ ಈ ಗೆರೆಯನ್ನು 33ಕ್ಕೆ ಇಳಿಸಲು ಸರ್ಕಾರ 2025ರಲ್ಲಿ ತೀರ್ಮಾನಿಸಿತು. ಎಲ್ಲರೂ ಗೆರೆಯನ್ನು ಕಷ್ಟದಿಂದ ದಾಟಿದ ಶಾಲೆಗೆ ಶೇಕಡಾ 100. ಅರ್ಧದಷ್ಟು ಮಕ್ಕಳು ಉನ್ನತ ದರ್ಜೆ ಪಡೆದು ಆರು ಮಂದಿ ಒಂದು ವಿಷಯದಲ್ಲಿ ಎಡವಿದ ಶಾಲೆಗೆ ಶೇಕಡಾ 85. ಯಾವುದು ಉತ್ತಮ ಶಾಲೆ? ಶೇಕಡಾವಾರು ಇದಕ್ಕೆ ಉತ್ತರ ಕೊಡದು. ಅಷ್ಟೇ ಅಲ್ಲ, ಗೆರೆಯ ಹತ್ತಿರ ನಿಂತ ನಾಲ್ಕಾರು ಮಕ್ಕಳ ಮೇಲೆಯೇ ಶಾಲೆಯ ಶ್ರಮವೆಲ್ಲ ಸುರಿಯಲ್ಪಡುತ್ತದೆ. ಮುಂದಿರುವವರನ್ನೂ ತೀರ ಹಿಂದಿರುವವರನ್ನೂ ವಿಚಾರಿಸುವವರಿಲ್ಲ.

ನಾಲ್ಕನೆಯ ಪಾಠ: ಮುಟ್ಟಿದ ಎತ್ತರವೇ ಬೇರೆ, ಹತ್ತಿದ ಎತ್ತರವೇ ಬೇರೆ. ಒಂದು ಶಾಲೆಗೆ ಬರುವ ಮಕ್ಕಳು ಎಂಟನೆಯ ತರಗತಿಯಲ್ಲಿ ಸರಾಸರಿ 30 ಅಂಕದವರು, ಹೊರಹೋಗುವಾಗ 50. ಇನ್ನೊಂದು ಶಾಲೆ ಪ್ರವೇಶಪರೀಕ್ಷೆ ನಡೆಸಿ 75 ಅಂಕದವರನ್ನೇ ಆರಿಸಿಕೊಳ್ಳುತ್ತದೆ, ಹೊರಹೋಗುವಾಗ 78. ಎರಡನೆಯ ಶಾಲೆಯ ಫ್ಲೆಕ್ಸು ಬಸ್‌ಸ್ಟ್ಯಾಂಡಿನಲ್ಲಿ ರಾರಾಜಿಸುತ್ತದೆ. ಆದರೆ ಇಪ್ಪತ್ತು ಅಂಶ ಏರಿಸಿದ ಮಾಸ್ತರರಿಗಿಂತ ಮೂರು ಅಂಶ ಏರಿಸಿದವರು ಹೆಚ್ಚು ಎಂದು ಯಾವ ನ್ಯಾಯದಿಂದ ಹೇಳೋಣ? ಮಗುವಿನ ಹಿಂದಿನ ಅಂಕವನ್ನೂ ಈಗಿನ ಅಂಕವನ್ನೂ ಹೋಲಿಸಿ ಶಾಲೆಯ ಪಾಲನ್ನು ಕಂಡುಹಿಡಿಯುವ ಕ್ರಮವನ್ನು ಅಮೆರಿಕದ ಟೆನೆಸಿ ಸಂಸ್ಥಾನ 1990ರ ದಶಕದಲ್ಲಿಯೇ ಪ್ರಾರಂಭಿಸಿತು. ನಮ್ಮಲ್ಲಿಯೂ ಪ್ರತಿಯೊಬ್ಬ ವಿದ್ಯಾರ್ಥಿಗೆ ‘ಸ್ಯಾಟ್ಸ್’ ಸಂಖ್ಯೆಯಿದ್ದು ಅವನ ದಾಖಲೆ ತರಗತಿಯಿಂದ ತರಗತಿಗೆ ಬರುತ್ತದೆ; ಆದುದರಿಂದ ಇಂಥ ಹೋಲಿಕೆ ನಮಗೂ ಅಸಾಧ್ಯವಲ್ಲ.

ಐದನೆಯ ಪಾಠ: ವರ್ಷ ವರ್ಷಕ್ಕೂ ಅಳತೆಗೋಲೇ ಬದಲಾಗುತ್ತದೆ. ರಾಜ್ಯದ ಫಲಿತಾಂಶ 2019ರಲ್ಲಿ ಶೇಕಡಾ 73.70, 2020ರಲ್ಲಿ 71.80. ಸಾಂಕ್ರಾಮಿಕದ ವರ್ಷವಾದ 2021ರಲ್ಲಿ ಎರಡೇ ದಿನಗಳಲ್ಲಿ, ಸರಿಯುತ್ತರಕ್ಕೆ ಗುರುತು ಹಾಕುವ ಪರೀಕ್ಷೆ ನಡೆಸಿ ಬಹುಶಃ ಎಲ್ಲರನ್ನೂ ತೇರ್ಗಡೆ ಮಾಡಿದರು. 2022ರಲ್ಲಿ 85.63, 2023ರಲ್ಲಿ 83.89, 2024ರಲ್ಲಿ 73.40. ರಾಜ್ಯದ ಮಕ್ಕಳ ಬುದ್ಧಿ 2021ರಲ್ಲಿ ಒಮ್ಮೆಲೆ ಏರಿ, ಆಮೇಲೆ ಇಳಿಯಿತೆ? ಇಲ್ಲ. ಪ್ರಶ್ನೆಪತ್ರಿಕೆ, ಕೃಪಾಂಕ, ಮೇಲ್ವಿಚಾರಣೆ ಇವು ಬದಲಾದವು. ಜಿಲ್ಲೆಗಳಿಗೆ ಸ್ಥಾನ ಕೊಡುವ ಬದಲು 2020ರಲ್ಲಿ ‘ಎ’, ‘ಬಿ’, ‘ಸಿ’ ಶ್ರೇಣಿಗಳನ್ನು ಕೊಟ್ಟು ನೋಡಿದರು. 2022ರ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲ ಜಿಲ್ಲೆಗಳೂ ‘ಎ’ ಶ್ರೇಣಿಗೇರಿದ್ದವು. ಎಲ್ಲರೂ ಮೊದಲಿಗರಾದರೆ ಶ್ರೇಣಿಯಿಂದ ತಿಳಿಯುವುದೇನು? 2023ಕ್ಕೆ ಮತ್ತೆ ಸ್ಥಾನಗಳು ಬಂದವು.

ಅಳತೆಯಿಂದ ಆಗುವ ಕೇಡು

ಡೊನಾಲ್ಡ್ ಕ್ಯಾಂಪ್‌ಬೆಲ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1970ರ ದಶಕದಲ್ಲಿ ಒಂದು ಸೂತ್ರವನ್ನು ಮುಂದಿಟ್ಟನು. ಅದರ ಸಾರ ಇಷ್ಟು: ಯಾವ ಸಂಖ್ಯೆಯನ್ನು ಆಧರಿಸಿ ಹೆಚ್ಚು ಹೆಚ್ಚು ತೀರ್ಮಾನಗಳನ್ನು ಕೈಗೊಳ್ಳುತ್ತೇವೆಯೋ ಆ ಸಂಖ್ಯೆಯೇ ಕೆಡುತ್ತದೆ, ಮತ್ತು ಅದು ಅಳೆಯಬೇಕಾಗಿದ್ದ ಕೆಲಸವನ್ನೂ ಕೆಡಿಸುತ್ತದೆ. ಇದಕ್ಕೆ ಉದಾಹರಣೆ ಬೇಕಾದವರು ಅಟ್ಲಾಂಟಾ ನಗರವನ್ನು ನೋಡಬಹುದು. 2011ರಲ್ಲಿ ಹೊರಬಿದ್ದ ತನಿಖಾ ವರದಿಯ ಪ್ರಕಾರ ಅಲ್ಲಿನ 44 ಶಾಲೆಗಳಲ್ಲಿ 178 ಮಂದಿ ಶಿಕ್ಷಕರು ಮತ್ತು ಮುಖ್ಯಸ್ಥರು ಅಕ್ರಮದಲ್ಲಿ ಭಾಗಿಗಳಾಗಿದ್ದರು. ಮಕ್ಕಳ ತಪ್ಪು ಉತ್ತರಗಳನ್ನು ಅಳಿಸಿ ತಿದ್ದಿದ್ದೂ ಇತ್ತು. ಕಳ್ಳತನಕ್ಕೆಂದು ಯಾರೂ ಉಪಾಧ್ಯಾಯ ವೃತ್ತಿಗೆ ಬರುವುದಿಲ್ಲ. ಅಂಕ ಏರದಿದ್ದರೆ ಕೆಲಸ ಹೋಗುವುದೆಂಬ ಭಯ ಅವರನ್ನು ಅಲ್ಲಿಗೆ ತಂದಿತು.

ನಮ್ಮ ರಾಜ್ಯದಲ್ಲಿ 2024ರ ಪರೀಕ್ಷೆಗೆ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮೂಲಕ ನಿಗಾ ವಹಿಸಲಾಯಿತು. ಪರಿಣಾಮವಾಗಿ ಫಲಿತಾಂಶ ಎಷ್ಟು ಇಳಿಯಿತೆಂದರೆ, ಆ ವರ್ಷದ ಮಟ್ಟಿಗೆ ಕೃಪಾಂಕದ ಪ್ರಮಾಣವನ್ನು ಶೇಕಡಾ 10ರಿಂದ 20ಕ್ಕೆ ಏರಿಸಬೇಕಾಯಿತು. ಏರಿಸಿದ ಮೇಲೂ 73.40ಕ್ಕೇ ನಿಂತಿತು. 2023ರಲ್ಲಿ ಶೇಕಡಾ 96.80 ಪಡೆದು ಪ್ರಥಮವಾಗಿದ್ದ ಚಿತ್ರದುರ್ಗ 2024ರಲ್ಲಿ ಮೊದಲ ಹತ್ತರಲ್ಲೂ ಉಳಿಯಲಿಲ್ಲ. ಉಡುಪಿ ಶೇಕಡಾ 94ರೊಡನೆ ಮೇಲೇರಿತು. ಯಾದಗಿರಿ 75.49ರಿಂದ 50.59ಕ್ಕೆ ಇಳಿಯಿತು. ಇದರಿಂದ ಯಾವ ಜಿಲ್ಲೆಯ ಮಕ್ಕಳ ಮೇಲಾಗಲಿ ಗುರುಗಳ ಮೇಲಾಗಲಿ ಆರೋಪ ಹೊರಿಸುವುದು ಸಲ್ಲದು. ಆದರೆ ಹಿಂದಿನ ಪಟ್ಟಿಗಳನ್ನು ನೋಡಿ ನಾವು ಕೊಟ್ಟ ಹೊಗಳಿಕೆಗಳನ್ನೂ ಬೈಗಳನ್ನೂ ಮರುಪರಿಶೀಲಿಸಬೇಕೆಂಬುದಂತೂ ನಿಶ್ಚಯ.

ಉಡುಪಿ, ದಕ್ಷಿಣ ಕನ್ನಡಗಳೊಡನೆ ನಮ್ಮ ಭಾಗವನ್ನು ಹೋಲಿಸಿ ಮಾತನಾಡುವವರಿಗೆ ಇನ್ನೊಂದು ಮಾತು ಹೇಳಬೇಕಾಗಿದೆ. ಆ ಕರಾವಳಿಯ ಕಟ್ಟಡಗಳಿಗೆ ಕಲ್ಲು ಮಣ್ಣು ಹೊರುವವರಲ್ಲಿ ಬಾಗಲಕೋಟೆ, ಕೊಪ್ಪಳ, ಗದಗಗಳ ಕಡೆಯವರು ಬಹಳ ಮಂದಿ. ಅವರ ಮಕ್ಕಳು ಒಂದೋ ಅಜ್ಜಿಯ ಬಳಿ ಇಲ್ಲಿ ಉಳಿಯುತ್ತಾರೆ, ಇಲ್ಲವೆ ವರ್ಷದ ನಡುವೆ ಶಾಲೆ ಬಿಡುತ್ತಾರೆ. ಒಂದೆಡೆ ಮಗು ಸಂಜೆ ದೀಪದ ಕೆಳಗೆ ಓದಲು ಕುಳಿತಾಗ ತಾಯಿ ಪಕ್ಕದಲ್ಲಿರುತ್ತಾಳೆ. ಇನ್ನೊಂದೆಡೆ ತಾಯಿ ನಾನೂರು ಕಿಲೋಮೀಟರಿನಾಚೆ ಇರುತ್ತಾಳೆ. ಈ ಎರಡು ಮಕ್ಕಳ ಅಂಕಗಳ ಅಂತರವನ್ನು ಶಾಲೆಯ ತಲೆಗೆ ಮಾತ್ರ ಕಟ್ಟಿದರೆ ಅದು ಅರ್ಧ ಸತ್ಯ.

ಎಲ್ಲಕ್ಕಿಂತ ದೊಡ್ಡ ಕೇಡೆಂದರೆ ಈ ಸಂಖ್ಯೆಯಿಂದ ಹುಟ್ಟುವ ಸುಳಿ. ಊರ ಶಾಲೆಯ ಫಲಿತಾಂಶ ಒಂದು ವರ್ಷ ಕಡಿಮೆಯಾಯಿತು. ಅನುಕೂಲವಿದ್ದವರು ಮಕ್ಕಳನ್ನು ಬೇರೆ ಕಡೆಗೆ ಸೇರಿಸಿದರು. ಮನೆಯಲ್ಲಿ ಓದಿಸುವವರಿರುವ ಮಕ್ಕಳು ಹೋದರು. ಮೊದಲ ತಲೆಮಾರಿನಲ್ಲಿ ಅಕ್ಷರ ಕಂಡವರು ಉಳಿದರು. ಮರುವರ್ಷ ಶೇಕಡಾವಾರು ಇನ್ನೂ ಇಳಿಯಿತು. ಅದನ್ನು ನೋಡಿ ಇನ್ನಷ್ಟು ಮಂದಿ ಹೋದರು. ಈ ಅವಧಿಯಲ್ಲಿ ಮಾಸ್ತರರ ಪಾಠ ಒಂದಿಷ್ಟೂ ಕೆಟ್ಟಿರಲಿಕ್ಕಿಲ್ಲ. ಕೊನೆಗೆ ಶಾಲೆಯಲ್ಲಿ ಉಳಿಯುವವರು ಹೋಗಲು ಬೇರೆ ದಾರಿಯಿಲ್ಲದವರು. ಅವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು.

ಹಾಗಾದರೆ ಅಳತೆ ಬೇಡವೆ?

ಇಷ್ಟನ್ನು ಓದಿ ‘ಪರೀಕ್ಷೆಯೂ ಬೇಡ, ಪಟ್ಟಿಯೂ ಬೇಡ’ ಎಂದು ಯಾರಾದರೂ ತೀರ್ಮಾನಿಸಿದರೆ ಅದು ನನ್ನ ಅಭಿಪ್ರಾಯವಲ್ಲ. ಅಳತೆಯಿಲ್ಲದ ಕಡೆ ಕೆಡುವುದು ಬಡವರ ಮಕ್ಕಳ ಬದುಕು. ಮಾಸ್ತರರು ತಿಂಗಳುಗಟ್ಟಲೆ ಬಾರದಿದ್ದರೂ, ಗಣಿತದ ಹುದ್ದೆ ವರ್ಷವಿಡೀ ಖಾಲಿಯಿದ್ದರೂ, ಮಗು ಏಳನೆಯ ತರಗತಿಗೆ ಬಂದು ಭಾಗಾಕಾರ ಅರಿಯದಿದ್ದರೂ ಕೇಳುವವರಿರುವುದಿಲ್ಲ. ಹಣವಂತ ತನ್ನ ಮಗುವಿನ ಕಲಿಕೆಯನ್ನು ತಾನೇ ಪರೀಕ್ಷಿಸಿಕೊಳ್ಳಬಲ್ಲ. ಅಕ್ಷರವರಿಯದ ತಂದೆಗೆ ಹೊರಗಿನ ಪರೀಕ್ಷೆಯೊಂದೇ ಕಣ್ಣು. ಶಾಲೆಯ ಒಳಗಿನ ಮಾತನ್ನು ಹೊರಗೆ ತರುವ ಯಾವುದಾದರೊಂದು ಸಾಧನ ಬೇಕೇ ಬೇಕು.

ಅಲ್ಲದೆ ಸಂಖ್ಯೆಗಳು ಕೆಲವೊಮ್ಮೆ ನಮ್ಮ ಪೂರ್ವಗ್ರಹವನ್ನು ಮುರಿಯುತ್ತವೆ. 2025ರಲ್ಲಿ ಒಬ್ಬ ವಿದ್ಯಾರ್ಥಿಯೂ ತೇರ್ಗಡೆಯಾಗದ ಶಾಲೆಗಳು 144. ಅವುಗಳಲ್ಲಿ ಸರ್ಕಾರಿ ಶಾಲೆಗಳು 6, ಅನುದಾನರಹಿತ ಖಾಸಗಿ ಶಾಲೆಗಳು 108. ನೂರಕ್ಕೆ ನೂರು ಬಂದ 921 ಶಾಲೆಗಳಲ್ಲಿ 329 ಸರ್ಕಾರಿ ಶಾಲೆಗಳು. ‘ಸರ್ಕಾರಿ ಸಾಲಿ ಅಂದರೆ ಇಷ್ಟ’ ಎಂದು ಮೂಗು ಮುರಿಯುವವರು ಈ ಅಂಕಿಗಳನ್ನು ನೋಡುವುದು ಒಳ್ಳೆಯದು. ಇನ್ನೂ ಹತ್ತಿರದ ಉದಾಹರಣೆ ಬೇಕೆ? 2024ರಲ್ಲಿ 625ಕ್ಕೆ 625 ಅಂಕ ಪಡೆದು ರಾಜ್ಯಕ್ಕೆ ಪ್ರಥಮಳಾದ ವಿದ್ಯಾರ್ಥಿನಿ ನಮ್ಮ ಬಾಗಲಕೋಟೆ ಜಿಲ್ಲೆಯವಳು. ಮುಧೋಳ ತಾಲ್ಲೂಕಿನ ಮೆಳ್ಳಿಗೇರಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಓದಿದವಳು. ಅದು ಸರ್ಕಾರದ ಶಾಲೆ. ಒಬ್ಬಳ ಸಾಧನೆಯಿಂದ ಎಲ್ಲ ಶಾಲೆಗಳ ಮಟ್ಟ ತಿಳಿಯದೆಂಬುದು ನಿಜ. ಆದರೆ ಈ ಮಣ್ಣಿನಲ್ಲಿ ಏನು ಬೆಳೆಯಬಲ್ಲುದೆಂಬುದು ತಿಳಿಯುತ್ತದೆ.

ಆದ್ದರಿಂದ ಅಳತೆ ಬೇಕು, ಆದರೆ ನ್ಯಾಯವಾದ ಅಳತೆ ಬೇಕು. ನನಗೆ ತೋರಿದ ಮಟ್ಟಿಗೆ ಅದಕ್ಕೆ ನಾಲ್ಕು ಲಕ್ಷಣಗಳಿರಬೇಕು. ಒಂದು, ಎಂಟನೆಯ ತರಗತಿಗೆ ಸೇರಿದ ಪ್ರತಿ ಮಗುವೂ ಲೆಕ್ಕದಲ್ಲಿರಬೇಕು. ನಡುವೆ ಬಿಟ್ಟವರು ಫಲಕದ ಮೇಲೆಯೇ ಕಾಣಬೇಕು. ಎರಡು, ಒಂದು ವರ್ಷವಲ್ಲ, ಹಲವು ವರ್ಷಗಳ ಸರಾಸರಿ ಇರಬೇಕು. ಮೂರು, ಮಕ್ಕಳು ಎಲ್ಲಿಂದ ಹೊರಟರು, ಎಲ್ಲಿಗೆ ಮುಟ್ಟಿದರು ಎರಡನ್ನೂ ಹೇಳಬೇಕು. ನಾಲ್ಕು, ಎಷ್ಟು ಹುದ್ದೆಗಳು ಖಾಲಿಯಿವೆ, ಪ್ರಯೋಗಾಲಯವಿದೆಯೆ, ಹೆಣ್ಣುಮಕ್ಕಳಿಗೆ ಶೌಚಾಲಯವಿದೆಯೆ ಎಂಬುದನ್ನೂ ಅದೇ ಹಾಳೆಯಲ್ಲಿ ಬರೆಯಬೇಕು. ಉತ್ತರದಾಯಿತ್ವ ಎರಡು ಕಡೆಯದು. ಶಾಲೆ ಮಕ್ಕಳಿಗೆ ಉತ್ತರ ಹೇಳಬೇಕಾದರೆ, ಶಾಲೆಗೆ ಗಣಿತದ ಉಪಾಧ್ಯಾಯರನ್ನು ಕೊಡದವರೂ ಉತ್ತರ ಹೇಳಬೇಕು.

ಫಲಕವನ್ನು ಓದುವ ಬಗೆ

ಇಲಾಖೆ ಇಂಥ ಹಾಳೆಯನ್ನು ಕೊಡುವವರೆಗೆ ನಾವು ಕೈಕಟ್ಟಿ ಕೂಡಬೇಕಾಗಿಲ್ಲ. ಮನೆಯಲ್ಲಿ ತಮ್ಮನನ್ನೋ ತಂಗಿಯನ್ನೋ ಶಾಲೆಗೆ ಸೇರಿಸುವ ಮಾತು ಬಂದಾಗ ಹಿರಿಯರು ಕಾಲೇಜು ಕಲಿತವರನ್ನೇ ಕೇಳುತ್ತಾರೆ. ಆಗ ಫಲಕದ ಸಂಖ್ಯೆಯನ್ನು ಹೇಳಿ ಸುಮ್ಮನಾಗದೆ ಶಾಲೆಯಲ್ಲಿ ಐದು ಪ್ರಶ್ನೆಗಳನ್ನು ಕೇಳಿ ಬರಬಹುದು. ಎರಡು ವರ್ಷದ ಹಿಂದೆ ಎಂಟನೆಯ ತರಗತಿಯಲ್ಲಿ ಎಷ್ಟು ಮಕ್ಕಳಿದ್ದರು, ಪರೀಕ್ಷೆಗೆ ಎಷ್ಟು ಮಂದಿ ಕುಳಿತರು? ಕಳೆದ ಮೂರು ವರ್ಷಗಳ ಫಲಿತಾಂಶವೇನು? ಗಣಿತ, ವಿಜ್ಞಾನ, ಇಂಗ್ಲಿಷುಗಳಿಗೆ ಖಾಯಂ ಉಪಾಧ್ಯಾಯರಿದ್ದಾರೆಯೆ? ಪ್ರವೇಶಕ್ಕೆ ಮಕ್ಕಳನ್ನು ಆರಿಸಿಕೊಳ್ಳುತ್ತಾರೆಯೆ, ಬಂದವರನ್ನೆಲ್ಲ ಸೇರಿಸಿಕೊಳ್ಳುತ್ತಾರೆಯೆ? ಮೊದಲನೆಯ ಪರೀಕ್ಷೆಯಲ್ಲಿ ನಪಾಸಾದವರನ್ನು ಮರೆತುಬಿಟ್ಟರೆ, ಕೂಡಿಸಿಕೊಂಡು ಓದಿಸಿದರೆ? ಈ ಕೊನೆಯ ಪ್ರಶ್ನೆ ಬಹಳ ಮುಖ್ಯವಾದದ್ದು. 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳನ್ನು ಕಟ್ಟಲು ಅವಕಾಶವಾಗಿದೆ. ಆದರೆ ಜಿಲ್ಲೆಗಳ ಸ್ಥಾನ ಪ್ರಕಟವಾಗುವುದು ಮೊದಲನೆಯ ಪರೀಕ್ಷೆಯ ಫಲಿತಾಂಶದ ದಿನ. ಮುಂದಿನ ಪರೀಕ್ಷೆಗಾಗಿ ಮೇ ತಿಂಗಳ ಬಿಸಿಲಿನಲ್ಲಿ ನಾಲ್ಕು ಮಕ್ಕಳನ್ನು ಕೂಡಿಸಿಕೊಂಡು ಪಾಠ ಹೇಳುವ ಮಾಸ್ತರರಿಗೆ ಆ ಪಟ್ಟಿಯಿಂದ ಯಾವ ಲಾಭವೂ ಇಲ್ಲ. ಲಾಭವಿಲ್ಲದೆಯೂ ಅದನ್ನು ಮಾಡುವ ಶಾಲೆ ಒಳ್ಳೆಯ ಶಾಲೆ; ಇದಕ್ಕೆ ಶೇಕಡಾವಾರಿನ ಸಾಕ್ಷಿ ಬೇಕಾಗಿಲ್ಲ.

ನಮ್ಮಲ್ಲಿ ಉಪಾಧ್ಯಾಯರಾಗುವವರು ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಲಿ. ಒಂದಲ್ಲ ಒಂದು ಫೆಬ್ರವರಿಯಲ್ಲಿ, ಹಿಂದುಳಿದ ಒಬ್ಬ ಹುಡುಗನ ಹೆಸರಿನ ಮುಂದೆ ನಮ್ಮ ಲೇಖನಿ ನಿಲ್ಲುವುದು. ಅವನನ್ನು ಪರೀಕ್ಷೆಗೆ ಕೂಡಿಸಿದರೆ ಶೇಕಡಾ ಎರಡು ಅಂಶ ಹೋಗುವುದು. ಬಿಡಿಸಿದರೆ ಫಲಕ ಹೊಳೆಯುವುದು. ಆಗ ಯಾವ ಕಡೆಗೆ ವಾಲುತ್ತೇವೆಂಬುದರ ಮೇಲೆ ನಮ್ಮ ಯೋಗ್ಯತೆ ನಿಂತಿದೆ. ಅದನ್ನು ಅಳೆಯುವ ಪರೀಕ್ಷೆಯನ್ನು ಯಾವ ಮಂಡಲಿಯೂ ನಡೆಸುವುದಿಲ್ಲ.